ಇಂಗ್ಲೆಂಡ್ ಬ್ಲಾಕಿನಲ್ಲಿ ಹುಟ್ಟಿದವಳು

ಒಬ್ಬ ಮನುಷ್ಯ ಯಾವ ಜನದವನು ಎಂಬುದನ್ನು ಹದಿನಾಲ್ಕು ಮಂದಿ ಮೊಬೈಲಿನಲ್ಲಿ ಒತ್ತಿ ತೀರ್ಮಾನಿಸುವುದನ್ನು ನಾನು ಮೊದಲು ನೋಡಿದ್ದು ಗಲ್ಫಿನ ಕಾರ್ಖಾನೆ ಪ್ರದೇಶ ಮುಸಫ್ಫಾದಲ್ಲಿ. ಆ ಮನುಷ್ಯ ಪಕ್ಕದಲ್ಲೇ ಕುಳಿತು ಚಹಾ ಕುಡಿಯುತ್ತಿದ್ದ. ಹೆಸರು ಹ್ಯೂ, ನಮ್ಮ ವರ್ಕ್‌ಶಾಪಿನ ಹಿರಿಯ ಇನ್‌ಸ್ಪೆಕ್ಟರ್. ಎಣ್ಣೆ ಬಾವಿಗಳಿಂದ ಬರುವ ಹಳೆಯ ವಾಲ್ವುಗಳನ್ನು ಬಿಚ್ಚಿ, ಸರಿಮಾಡಿ, ಒತ್ತಡ ಕೊಟ್ಟು ಪರೀಕ್ಷಿಸಿ ವಾಪಸು ಕಳುಹಿಸುವುದು ನಮ್ಮ ಕೆಲಸ. ಸೋರುವುದಿಲ್ಲ ಎಂದು ಹ್ಯೂ ಸಹಿ ಹಾಕುತ್ತಾನೆ, ಆ ಕಾಗದವನ್ನು ನಾನು ಕಡತಕ್ಕೆ ಸೇರಿಸುತ್ತೇನೆ.

ಹ್ಯೂನ ತಾಯಿ ವೇಲ್ಸಿನವರು, ತಂದೆ ಸ್ಕಾಟ್ಲೆಂಡಿನವರು. ಅವನು ಹುಟ್ಟಿದ್ದು ಮಾತ್ರ ಇಂಗ್ಲೆಂಡಿನಲ್ಲಿ, ಯಾಕೆಂದರೆ ತಾಯಿಯ ಊರಿಗೆ ಹತ್ತಿರದ ದೊಡ್ಡ ಆಸ್ಪತ್ರೆ ಗಡಿಯ ಆಚೆಗಿತ್ತು. ಆಫೀಸಿನ ವಾಟ್ಸಾಪ್ ಗುಂಪಿನಲ್ಲಿ ಕ್ಯಾಲಮ್ ಎಂಬ ಸ್ಕಾಟ್ಲೆಂಡಿನವನು ಒಂದು ಪೋಲ್ ಹಾಕಿದ್ದ. ಪೋಲ್ ಎಂದರೆ ಪ್ರಶ್ನೆಯ ಕೆಳಗೇ ಉತ್ತರಗಳಿರುತ್ತವೆ. ನಮಗೆ ಬೇಕಾದ್ದನ್ನು ಒತ್ತಬೇಕು. ಯಾರು ಯಾವುದನ್ನು ಒತ್ತಿದರೆಂದು ಎಲ್ಲರಿಗೂ ಕಾಣುತ್ತದೆ. ಪ್ರಶ್ನೆ: ಹ್ಯೂ ಯಾರು? ಉತ್ತರಗಳು: ಸ್ಕಾಟ್, ವೆಲ್ಷ್, ಇಂಗ್ಲಿಷ್, ಕರಕ್. ಕರಕ್ ಇಲ್ಲಿಯ ಖಡಕ್ ಹಾಲು ಚಹಾ. ಹ್ಯೂ ದಿನಕ್ಕೆ ಆರು ಲೋಟ ಕುಡಿಯುತ್ತಾನೆ.

“ಫುಟ್‌ಬಾಲಿನಲ್ಲಿ ನಾವು ಗೆದ್ದ ವಾರ ಅವನು ನಮ್ಮವ,” ಎಂದ ಕ್ಯಾಲಮ್. “ಸೋತ ವಾರ ವೇಲ್ಸಿಗೆ ಬಿಟ್ಟುಕೊಡುತ್ತೇವೆ.”

“ಅಮ್ಮ ಗಡಿ ದಾಟುವಾಗ ನನ್ನನ್ನು ಕೇಳಲಿಲ್ಲ. ಕೇಳಿದ್ದರೆ ಸ್ವಲ್ಪ ತಡೆದುಕೊಳ್ಳುತ್ತಿದ್ದೆ,” ಎಂದ ಹ್ಯೂ.

ಪೇಶಾವರದ ಚಾಲಕ ಗುಲ್ ಖಾನ್ ವೆಲ್ಷ್ ಒತ್ತಿದ. ಯಾಕೆಂದು ಕೇಳಿದರೆ, “ಹ್ಯೂ ಸಾಬ್ ಪೆಹಲೇ ಸಲಾಂ ಕರ್ತೇ ಹೈಂ,” ಅಂದ, ಹ್ಯೂ ಸಾಹೇಬರೇ ಮೊದಲು ನಮಸ್ಕಾರ ಹೇಳುತ್ತಾರೆ ಅಂತ. ವೆಲ್ಷ್ ಅಂದರೇನೆಂದು ಅವನಿಗೆ ಗೊತ್ತಿರಲಿಲ್ಲ. ಸೋಲುವ ಪಕ್ಷದ ಹಾಗೆ ಕಂಡಿತಂತೆ, ಪಾಪ ಅನ್ನಿಸಿತಂತೆ. ಕೊನೆಗೆ ಕರಕ್ ಗೆದ್ದಿತು. ಹ್ಯೂ ತಾನೂ ಅದನ್ನೇ ಒತ್ತಿ, ಲೋಟ ಎತ್ತಿ ಎಲ್ಲರಿಗೂ ತೋರಿಸಿದ.

ಎಲ್ಲರೂ ನಗುತ್ತಿದ್ದರು. ನಾನೂ ನಕ್ಕೆ. ಆದರೆ ಒಳಗೆ ಒಂದು ಭಯವಿತ್ತು: ಈಗ ಯಾರಾದರೂ ಎದ್ದು ಹೋಗುತ್ತಾರೆ, ಈಗ ಯಾರಿಗಾದರೂ ಪೆಟ್ಟು ಬೀಳುತ್ತದೆ. ನಮ್ಮ ಊರಿನಲ್ಲಿ ಈ ಪ್ರಶ್ನೆಯನ್ನು ಮದುವೆ ಮಾತುಕತೆಯಲ್ಲಿ ಕೇಳುತ್ತಾರೆ, ಸಾವಿನ ಮನೆಯಲ್ಲಿ ಕೇಳುತ್ತಾರೆ. ನಗುತ್ತ ಕೇಳಿದ್ದನ್ನು ನಾನು ಕಂಡಿಲ್ಲ. ವೇಲ್ಸಿನ ತಂಡದಲ್ಲಿ ಆಡಲು ಒಬ್ಬ ಅಜ್ಜಿ ವೇಲ್ಸಿನವಳಾಗಿದ್ದರೆ ಸಾಕು ಎಂದು ಹ್ಯೂ ವಿವರಿಸಿದಾಗ ನಾನು ಎರಡು ಸಲ ಕೇಳಿ ಖಚಿತ ಮಾಡಿಕೊಂಡೆ. ಒಬ್ಬಳೇ ಅಜ್ಜಿ ಸಾಕೇ? ಸಾಕು.

ನಮ್ಮದು ಅಳಿಯಕಟ್ಟಿನ ಕುಟುಂಬ. ತುಳುನಾಡಿನ ಹೊರಗಿನವರಿಗೆ ಹೇಳುವುದಾದರೆ, ಮಗು ತಾಯಿಯ ಕುಟುಂಬಕ್ಕೆ ಸೇರುತ್ತದೆ, ತಾಯಿಯ ಬಳಿ ಮಗುವಿಗೆ ಬರುತ್ತದೆ. ಬಳಿ ಎಂದರೆ ಗೋತ್ರದಂಥದ್ದು, ಆದರೆ ಹೆಣ್ಣಿನ ಕಡೆಯಿಂದ ಇಳಿಯುವಂಥದ್ದು. ನನ್ನ ಹೆಂಡತಿ ಲವೀನಾ ಮಂಗಳೂರಿನ ಕೊಂಕಣಿ ಕ್ರಿಶ್ಚಿಯನ್. ಅವಳಿಗೆ ಬಳಿ ಇಲ್ಲ. ಆದ್ದರಿಂದ ನಮ್ಮ ಮಗಳು ರೀನಾಗೂ ಇಲ್ಲ. ಲವೀನಾಳ ಅಣ್ಣ ಚರ್ಚಿನಲ್ಲಿ ಮಗುವಿನ ಜ್ಞಾನಸ್ನಾನ ಆಗಲಿ, ಆಮೇಲೆ ನಮ್ಮವಳು ಅಂದ. ನಾವಿಬ್ಬರೂ ಅದಕ್ಕೆ ಒಪ್ಪಲಿಲ್ಲ. ಎರಡು ಕಡೆಗೂ ಹೊಂದುವ ಹೆಸರೆಂದು ರೀನಾ ಅಂತ ಇಟ್ಟೆವು.

ಮದುವೆಯ ಸುದ್ದಿ ಹೇಳಿದಾಗ ಅಮ್ಮ ಕೂಗಾಡಲಿಲ್ಲ. “ನಿನ್ನ ಮಕ್ಕಳು ಎಲ್ಲಿ ನಿಲ್ಲುವುದು?” ಎಂದಷ್ಟೇ ಕೇಳಿದರು. ನಾನು ಉತ್ತರ ಕೊಡದೆ ವಿಮಾನ ಹತ್ತಿದೆ. ಹದಿನಾರು ವರ್ಷ ಪ್ರತಿ ಶನಿವಾರ ಫೋನು ಮಾಡಿದೆ. ಅಮ್ಮ ಮೀನಿನ ಬೆಲೆ ಹೇಳುತ್ತಿದ್ದರು, ಮೊಣಕಾಲಿನ ನೋವು ಹೇಳುತ್ತಿದ್ದರು. ಕೊನೆಯಲ್ಲಿ, “ಎಲ್ಲ ಸೌಖ್ಯವಾ?” ಆ ‘ಎಲ್ಲ’ದೊಳಗೆ ಲವೀನಾ ಮತ್ತು ರೀನಾ ಇದ್ದರು ಎಂದುಕೊಂಡೇ ನಾನು ಹದಿನಾರು ವರ್ಷ ಕಳೆದೆ. ರಜೆಯಲ್ಲಿ ಮಂಗಳೂರಿಗೆ ಹೋದಾಗ ಅವರಿಬ್ಬರು ಲಾಡ್ಜಿನಲ್ಲಿ ಉಳಿಯುತ್ತಿದ್ದರು, ಅಕ್ಕನ ಫ್ಲ್ಯಾಟಿನಲ್ಲಿದ್ದ ಅಮ್ಮನನ್ನು ನಾನೊಬ್ಬನೇ ಹೋಗಿ ನೋಡಿ ಬರುತ್ತಿದ್ದೆ. ನನಗೆ ಬೇಕಾಗಿದ್ದದ್ದು ಒಂದೇ. ಅಮ್ಮ ಇರುವಾಗಲೇ, ಅವರ ಬಾಯಿಂದಲೇ, ರೀನಾ ನಮ್ಮವಳು ಎಂಬ ಒಂದು ಮಾತು ಬರಬೇಕು.

ಇಲ್ಲಿಯ ಮೊದಲ ವರ್ಷಗಳ ಬಗ್ಗೆ ಬರೆಯಲು ಕುಳಿತರೆ ಎಲ್ಲವೂ ಚೆಂದ ಕಾಣುತ್ತದೆ, ಅದಕ್ಕೇ ಅನುಮಾನ. ನಾನು ಮುಸಫ್ಫಾದಲ್ಲಿ ಕಂಪೆನಿಯ ಕೋಣೆಯಲ್ಲಿ ಆರು ಜನರ ಜೊತೆ, ಲವೀನಾ ದುಬೈಯಲ್ಲಿ ಆಸ್ಪತ್ರೆಯ ನರ್ಸುಗಳ ಹಾಸ್ಟೆಲಿನಲ್ಲಿ. ವಾರಕ್ಕೊಮ್ಮೆ ಬಸ್ಸು ಹಿಡಿದು ಹೋಗಿ ದುಬೈಯ ನೈಫ್ ಪೇಟೆಯ ಒಂದು ಹೋಟೆಲಿನಲ್ಲಿ ಕುಚಲಕ್ಕಿ ಅನ್ನ, ಬಂಗುಡೆ ಸಾರು ತಿಂದು, ಅತ್ತರಿನ ಅಂಗಡಿಗಳ ನಡುವೆ ಸುತ್ತಿ, ಸಂಜೆ ಬೇರೆಯಾಗುತ್ತಿದ್ದೆವು. ಮೊದಲ ಶುಕ್ರವಾರ ಮರಳಿನ ಗಾಳಿ ಎದ್ದು ಲವೀನಾಳ ಮುಖವೇ ಕಾಣುತ್ತಿರಲಿಲ್ಲ ಎಂದು ಇಲ್ಲಿ ಮೊದಲು ಬರೆದಿದ್ದೆ. ಅವಳು ಓದಿ, “ಗಾಳಿ ಎಲ್ಲಿತ್ತು? ನಾನು ಅಳ್ತಿದ್ದೆ, ನೀನು ಬೇರೆ ಕಡೆ ನೋಡ್ತಿದ್ದೆ,” ಅಂದಳು. ಅವಳು ಹೇಳಿದ್ದೇ ಇರಬೇಕು.

ಆಮೇಲೆ ದುಬೈಯ ಇಂಟರ್‌ನ್ಯಾಷನಲ್ ಸಿಟಿಯಲ್ಲಿ ಒಂದೇ ಕೋಣೆಯ ಮನೆ ಸಿಕ್ಕಿತು. ಅಲ್ಲಿ ಕಟ್ಟಡಗಳ ಗುಂಪುಗಳಿಗೆ ದೇಶಗಳ ಹೆಸರು: ಫ್ರಾನ್ಸ್, ಪರ್ಷಿಯಾ, ಚೀನಾ. ನಮ್ಮದು ಇಂಗ್ಲೆಂಡ್. ಆ ಇಂಗ್ಲೆಂಡಿನಲ್ಲಿ ಇಂಗ್ಲಿಷರು ಯಾರೂ ನಮ್ಮ ಕಣ್ಣಿಗೆ ಬೀಳಲಿಲ್ಲ. ಪಕ್ಕದಲ್ಲಿ ಫಿಲಿಪ್ಪೀನ್ಸಿನ ನಾಲ್ವರು ಹುಡುಗಿಯರು, ಎದುರಿಗೆ ಮಲಬಾರಿನ ದಂಪತಿ. ಊರಿನಲ್ಲಿ ವಿಳಾಸ ಕೇಳಿದರೆ ಮನೆತನದ ಹೆಸರು ಹೇಳುತ್ತೇವೆ. ಇಲ್ಲಿ, “ಇಂಗ್ಲೆಂಡ್, ಎರಡನೇ ಮಹಡಿ,” ಎಂದು ನೀರಿನವನಿಗೆ ಹೇಳುವಾಗ ನಮಗೇ ನಗು ಬರುತ್ತಿತ್ತು. ರೀನಾ ಹುಟ್ಟಿ ಮನೆಗೆ ಬಂದದ್ದು ಆ ಕೋಣೆಗೆ. ಈಗ ಅವಳಿಗೆ ಹದಿನಾಲ್ಕು. ನಾವು ಮುಸಫ್ಫಾದ ಹತ್ತಿರ ಎರಡು ಕೋಣೆಯ ಫ್ಲ್ಯಾಟಿಗೆ ಬಂದು ಬಹಳ ಕಾಲವಾಯಿತು. ಮನೆಯಲ್ಲಿ ನಾವು ಗಂಡಹೆಂಡಿರ ಮಾತು ತುಳು. ಲವೀನಾಳ ತುಳು ನನ್ನದಕ್ಕಿಂತ ಚೊಕ್ಕ. ರೀನಾ ಎಲ್ಲವನ್ನೂ ಅರ್ಥ ಮಾಡಿಕೊಂಡು ಇಂಗ್ಲಿಷಿನಲ್ಲಿ ಉತ್ತರಿಸುತ್ತಾಳೆ.

ಹ್ಯೂನ ಪೋಲ್ ಮುಗಿದ ಮೇಲೆ ಚಹಾ ಹೊತ್ತಿನಲ್ಲಿ ಈ ಇಂಗ್ಲೆಂಡ್ ಬ್ಲಾಕಿನ ಕಥೆ ಹೇಳಿಬಿಟ್ಟೆ. ಕ್ಯಾಲಮ್ ಬಿಡುತ್ತಾನೆಯೇ?

“ಹಾಗಾದರೆ ನಿನ್ನ ಮಗಳು ಇಂಗ್ಲಿಷ್! ಅಯ್ಯೋ, ನಿನಗೆ ಹೀಗಾಗಬಾರದಿತ್ತು.”

“ತಾಯಿ ಒಂದು ಕಡೆ, ತಂದೆ ಒಂದು ಕಡೆ, ಹುಟ್ಟು ಮೂರನೇ ಕಡೆ. ಅವಳು ನನ್ನ ಪಕ್ಷ,” ಎಂದ ಹ್ಯೂ.

ಐದು ನಿಮಿಷದಲ್ಲಿ ಪೋಲ್ ಬಂತು. ರೀನಾ ಯಾರು? ತುಳು, ಕೊಂಕಣಿ, ಇಂಗ್ಲೆಂಡ್ ಬ್ಲಾಕ್, ಕರಕ್. ಮತ್ತೆ ಕರಕ್ ಗೆದ್ದಿತು. ಗುಲ್ ಖಾನ್ ತುಳುವಿಗೆ ಒತ್ತಿ, “ಯೇ ಭೀ ಕಮ್ಜೋರ್ ಪಾರ್ಟಿ ಲಗ್ತೀ ಹೈ,” ಅಂದ, ಇದೂ ದುರ್ಬಲ ಪಕ್ಷದ ಹಾಗೆ ಕಾಣುತ್ತದೆ ಅಂತ. ನನಗೆ ಎಷ್ಟು ಹಗುರವಾಯಿತೆಂದರೆ, ಹದಿನಾರು ವರ್ಷ ಹೊತ್ತ ಪ್ರಶ್ನೆ ಇಷ್ಟು ಸಣ್ಣದೇ ಎನ್ನಿಸಿತು. ಆ ಹಗುರದಲ್ಲಿಯೇ ತಪ್ಪು ಮಾಡಿದೆ. ಶುಕ್ರವಾರ ಅರ್ಧ ದಿನದ ಕೆಲಸ. ಮನೆಗೆ ಹೋಗುವ ಕಂಪೆನಿ ಬಸ್ಸಿನಲ್ಲಿ ಕುಳಿತು, ಅದೇ ಪೋಲನ್ನು ಕನ್ನಡದಲ್ಲಿ ಮಾಡಿ, ‘ಇಂಗ್ಲೆಂಡ್ ಬ್ಲಾಕ್’ ಬದಲು ‘ದುಬೈ’ ಎಂದು ಹಾಕಿ, ನಮ್ಮ ಕುಟುಂಬದ ಗುಂಪಿಗೆ ಕಳುಹಿಸಿದೆ.

ಆ ಗುಂಪಿನಲ್ಲಿ ಹತ್ತೊಂಬತ್ತು ಜನ. ನನ್ನ ಅಣ್ಣ ದಾಮೋದರ, ಅಕ್ಕ ವನಿತಾ, ಅವರ ಮಕ್ಕಳು, ಚಿಕ್ಕಮ್ಮಂದಿರು, ಅಮ್ಮ. ಮನೆ ತಲುಪುವವರೆಗೆ ಎಲ್ಲರೂ ನೋಡಿದ್ದರು. ಒಬ್ಬರೂ ಒತ್ತಿರಲಿಲ್ಲ. ಸಂಜೆ ಅಣ್ಣ ದೈವದ ಗುಡಿಯ ಚಿತ್ರವೊಂದನ್ನು ಹಾಕಿದ. ಅದರ ಮೇಲೆ ಚಿಕ್ಕಮ್ಮನೊಬ್ಬರು ಕೈಮುಗಿದರು. ಇನ್ನೊಬ್ಬರು ಕೈಮುಗಿದರು. ಹತ್ತು ನಮಸ್ಕಾರಗಳ ಅಡಿಯಲ್ಲಿ ನನ್ನ ಪ್ರಶ್ನೆ ಹೂತುಹೋಯಿತು.

ಅಕ್ಕ ಫೋನು ಮಾಡಿದಳು. ನಮ್ಮ ಮಾತು ತುಳುವಿನಲ್ಲಿ. ಇಲ್ಲಿ ನಮ್ಮ ಕಡೆಯ ಕನ್ನಡದಲ್ಲಿ ಬರೆಯುತ್ತೇನೆ.

“ಎಂತ ಮಾರಾಯ, ನಿಂಗೆ ಮಂಡೆ ಸರಿ ಉಂಟಾ?”

“ತಮಾಷೆಗೆ ಹಾಕಿದ್ದು ಅಕ್ಕ.”

“ತಮಾಷೆ ಮಾಡ್ಲಿಕ್ಕೆ ನಿಂಗೆ ಆ ಮಗುವೇ ಸಿಕ್ಕಿದ್ದಾ? ಅಮ್ಮ ಓದಿದ್ರು.”

“ಎಂತ ಹೇಳಿದ್ರು?”

“ಎಂತ ಇಲ್ಲ. ಕನ್ನಡಕ ಒರೆಸಿ ಇನ್ನೊಂದು ಸಲ ಓದಿದ್ರು.”

ಭಾನುವಾರ ಸಂಜೆ ಒಂದು ವೋಟು ಬಂತು. ತುಳು ಎಂಬುದರ ಎದುರು ಅಮ್ಮನ ಹೆಸರು. ನಾನು ಫೋನು ಹಿಡಿದುಕೊಂಡು ಅಡುಗೆಮನೆಗೆ ಓಡಿದೆ. ಲವೀನಾ ಮೀನು ತೊಳೆಯುತ್ತಿದ್ದಳು, ಕೈ ಒರೆಸದೆ ಬಾಗಿ ನೋಡಿದಳು.

“ಬೆರಳು ತಪ್ಪಿ ಒತ್ತಿದ್ರೋ ಏನೋ,” ಅಂದಳು. “ವಾರ್ಡಿನಲ್ಲಿ ವಯಸ್ಸಾದವ್ರು ಹೀಗೇ, ನೀರು ಬೇಕು ಅಂತ ಲೈಟ್ ಆರಿಸ್ತಾರೆ.”

“ತಪ್ಪಿ ಒತ್ತಿದ್ದಲ್ಲ.”

“ಹಾಗಾದ್ರೆ ಫೋನ್ ಮಾಡಿ ಕೇಳು.”

ನಾನು ಮಾಡಲಿಲ್ಲ. ಕೇಳಿದರೆ ಅದು ತಪ್ಪಾಗಿಬಿಟ್ಟರೆ? ಸೋಮವಾರ ಬೆಳಿಗ್ಗೆ ಬಸ್ಸಿನಲ್ಲಿ ಮತ್ತೆ ತೆರೆದು ನೋಡಿದೆ. ವೋಟು ಇರಲಿಲ್ಲ. ಪೋಲಿನಲ್ಲಿ ಒತ್ತಿದ್ದನ್ನು ವಾಪಸು ತೆಗೆಯಬಹುದು. ಮರುಶನಿವಾರ ಫೋನಿನಲ್ಲಿ ಅಮ್ಮನ ಸ್ವರ ಎಂದಿನ ಹಾಗೇ ಇತ್ತು. ಅಂಜಲ್ ಮೀನು ಮುಟ್ಟುವ ಹಾಗಿಲ್ಲ ಅಂದರು. ನಾನು ಹೂಂ ಅಂದೆ. ತೆಗೆದದ್ದು ಅಣ್ಣನ ಒತ್ತಾಯದಿಂದ ಎಂದು ನಾನೇ ತೀರ್ಮಾನಿಸಿದೆ, ಎರಡು ತಿಂಗಳು ಆ ಸಿಟ್ಟನ್ನು ಆರದಂತೆ ನೋಡಿಕೊಂಡೆ. ಡಿಸೆಂಬರಿನ ರಜೆಗೆ ಮೂವರೂ ನೇರವಾಗಿ ಅಕ್ಕನ ಮನೆಯ ಬಾಗಿಲಿಗೇ ಹೋಗುವುದೆಂದು ಟಿಕೆಟ್ ತೆಗೆದಿಟ್ಟೆ.

ಅಮ್ಮ ನವೆಂಬರಿನಲ್ಲಿ ತೀರಿಕೊಂಡರು. ಜ್ವರ ಎಂದು ಆಸ್ಪತ್ರೆಗೆ ಸೇರಿಸಿದವರು ನಾಲ್ಕನೆಯ ದಿನ ಇಲ್ಲವಾದರು. ಸಿಕ್ಕಿದ ವಿಮಾನದಲ್ಲಿ ನಾನೊಬ್ಬನೇ ಓಡಿದೆ, ಆದರೂ ಅಮ್ಮನ ಮುಖ ನೋಡಲು ಸಿಗಲಿಲ್ಲ. ಹದಿಮೂರನೆಯ ದಿನದ ಕ್ರಿಯೆಗೆ ಲವೀನಾ ಮತ್ತು ರೀನಾ ಬಂದರು. ಕರೆದದ್ದು ಅಣ್ಣನೇ. “ಅವರೂ ಬರಲಿ,” ಅಂದ, ನನ್ನ ಮುಖ ನೋಡದೆ.

ಸಭಾಗೃಹದಲ್ಲಿ ಅಮ್ಮನ ಹೆಸರಿನಲ್ಲಿ ಬಾಳೆಲೆ ಹಾಕಿ ಬಡಿಸಿದ್ದರು. ಕುಟುಂಬದವರು ಒಬ್ಬೊಬ್ಬರಾಗಿ ಬಂದು ಎಲೆಯ ಬಳಿ ನೀರು ಬಿಡಬೇಕು. ಅಣ್ಣ ಹೆಸರು ಕರೆಯುತ್ತಿದ್ದ. ನಾವು ಮೂವರು ಮಕ್ಕಳು, ಆಮೇಲೆ ಅಕ್ಕನ ಮಗ, ಅಕ್ಕನ ಮಗಳು ಸ್ವಾತಿ. ಅಲ್ಲಿಗೆ ನಿಂತಿತು. ನಾನು ಅಣ್ಣನ ಬಳಿ ಹೋದೆ.

“ರೀನಾನನ್ನು ಕರಿ ಅಣ್ಣ.”

“ನನ್ನ ಮಕ್ಕಳನ್ನೂ ಕರೆದಿಲ್ಲ ಸುಧಾಕರ,” ಅಂದ ಮೆಲ್ಲಗೆ. “ಅವರು ಅವರ ಅಮ್ಮನ ಕುಟುಂಬದವ್ರು. ನಿಂಗೆ ಗೊತ್ತಿಲ್ಲದ್ದಾ?”

ಗೊತ್ತಿತ್ತು. ಅವನ ಇಬ್ಬರು ಗಂಡುಮಕ್ಕಳು ಗೋಡೆಗೆ ಒರಗಿ ನಿಂತಿದ್ದರು, ಒಂದಿಷ್ಟೂ ಬೇಸರವಿಲ್ಲದೆ. ಅವರನ್ನು ಹೆಸರು ಹಿಡಿದು ಕರೆಯುವ ಇನ್ನೊಂದು ಸಭಾಗೃಹ, ಇನ್ನೊಂದು ಎಲೆ ಎಲ್ಲಿಯೋ ಇದೆ. ಪದ್ಧತಿ ಎಲ್ಲರಿಗೂ ಒಂದೇ. ಬೈಯಲು ಯಾರೂ ಇರಲಿಲ್ಲ. ರೀನಾ ಅವರ ಪಕ್ಕದಲ್ಲಿ ನಿಂತಿದ್ದಳು. ದೂರದ ಅಜ್ಜಿಯೊಬ್ಬರು ಅವಳ ಗಲ್ಲ ಹಿಡಿದು, “ಯಾರ ಮಗಳು ನೀನು? ಯಾವ ಬಳಿ?” ಎಂದು ಕೇಳುತ್ತಿದ್ದರು. ರೀನಾ ನಕ್ಕು, “ಸಾರಿ ಅಜ್ಜಿ,” ಅಂದಳು. ತಪ್ಪು ಮಾಡಿದವರ ಹಾಗೆ.

ಊಟ ಮುಗಿದ ಮೇಲೆ ಅಕ್ಕ ಪಾತ್ರೆಗಳ ಕೋಣೆಯಲ್ಲಿ ಉಳಿದ ಪಲ್ಯವನ್ನು ಡಬ್ಬಿಗೆ ತುಂಬುತ್ತಿದ್ದಳು.

“ಅಕ್ಕ, ಅಮ್ಮನ ವೋಟು ತೆಗೆಸಿದ್ದು ಅಣ್ಣನಾ?”

“ಅವನ ಮೇಲೆ ಹಾಕ್ಬೇಡ. ಅವ ಒಂದು ಮಾತೂ ಆಡ್ಲಿಲ್ಲ. ಅಮ್ಮನೇ ತೆಗೆಸಿದ್ದು.”

“ಯಾಕೆ?”

ಅವಳು ಸೌಟು ಕೆಳಗಿಟ್ಟಳು. “ಮೊದಲ ದಿನ ಓದಿದ್ರಲ್ಲ, ‘ಸುಧಾಕರ ಯಾವುದನ್ನು ಒತ್ತಿದ್ದಾನೆ ನೋಡು’ ಅಂದ್ರು. ನೋಡಿದೆ, ನಿಂದು ಇಲ್ಲ. ‘ಕೆಲಸದಲ್ಲಿ ಇರ್ಬೇಕು, ಒತ್ತುತ್ತಾನೆ’ ಅಂದ್ರು. ಎರಡು ದಿನ ಅದೇ ರಾಗ. ಬೆಳಿಗ್ಗೆ ಎದ್ದು ಒಂದು ಸಲ, ಕಾಫಿ ಕುಡಿದು ಒಂದು ಸಲ. ಅವ ಒತ್ತಿದನಾ, ಅವ ಒತ್ತಿದನಾ. ಆದಿತ್ಯವಾರ, ‘ಇರ್ಲಿ, ನಾನು ಮೊದಲು ಒತ್ತುತ್ತೇನೆ, ಆಗ ಅವನಿಗೆ ಧೈರ್ಯ ಬಂದೀತು’ ಅಂತ ಒತ್ತಿದ್ರು. ಮತ್ತೂ ನೀನು ಒತ್ತಲಿಲ್ಲ.”

“ಆಮೇಲೆ?”

“ಆಮೇಲೆ ಎಂತ? ‘ಅಪ್ಪನೇ ಹೇಳದ್ದನ್ನು ನಾನು ಹೇಳಿದ್ರೆ ಆ ಹುಡುಗಿಗೆ ಬೇಜಾರಾದೀತು. ಅವಳ ಅಮ್ಮನಿಗೂ ಆದೀತು. ತೆಗಿ ವನಿತಾ’ ಅಂದ್ರು. ತೆಗೆದೆ.”

ಧೈರ್ಯ ಎಂಬ ಪದ ಅಮ್ಮನದೋ ಅಕ್ಕನದೋ ಎಂದು ನಾನು ಆಮೇಲೆ ಬಹಳ ಯೋಚಿಸಿದೆ. ಅಕ್ಕನನ್ನು ಮತ್ತೆ ಕೇಳಿದರೆ ಬೇರೆ ಪದ ಬರಬಹುದು. ಯಾವ ಪದ ಬಂದರೂ ಒಂದು ಸಂಗತಿ ಬದಲಾಗುವುದಿಲ್ಲ: ಅಮ್ಮ ಎರಡು ದಿನ ಕಾದಿದ್ದರು, ನಾನು ಒತ್ತಿರಲಿಲ್ಲ. ಪ್ರಶ್ನೆ ಹಾಕಿದವನೂ ಒತ್ತಬೇಕು ಎಂದು ಹೊಳೆಯಲಿಲ್ಲ ಎಂದು ಬರೆಯಬಹುದು. ಅದು ಸುಳ್ಳು. ಹೊಳೆದಿತ್ತು. ಬೇರೆಯವರು ಒತ್ತಿದ ಮೇಲೆ ನೋಡೋಣ ಎಂದು ಕುಳಿತಿದ್ದೆ.

ಸಭಾಗೃಹದ ಹಿಂಬದಿಯ ಮೆಟ್ಟಿಲಿನಲ್ಲಿ ಕುಳಿತು ಆ ಪೋಲನ್ನು ಹುಡುಕಿ ತೆಗೆದೆ. ತುಳು ಒತ್ತಿದೆ. ಲವೀನಾಳಿಂದ ಮಗಳನ್ನು ಕಿತ್ತುಕೊಂಡ ಹಾಗಾಯಿತು, ತೆಗೆದೆ. ಕೊಂಕಣಿ ಒತ್ತಿದೆ. ಇಷ್ಟು ದಿನ ಕಾದ ಅಮ್ಮನ ಎದುರು ಬಾಗಿಲು ಹಾಕಿದ ಹಾಗಾಯಿತು, ತೆಗೆದೆ. ದುಬೈ? ಅಲ್ಲಿಯ ಸರಕಾರ ನಮ್ಮನ್ನು ಎರಡೆರಡು ವರ್ಷಕ್ಕೊಮ್ಮೆ ಹೊಸದಾಗಿ ಇರಗೊಡುತ್ತದೆ. ನನ್ನ ಕೆಲಸ ಹೋದ ದಿನ ರೀನಾಳ ವೀಸಾಕ್ಕೂ ಕೊನೆ. ಕರಕ್ ಒತ್ತಲು ಕೈ ಬರಲಿಲ್ಲ.

ರೀನಾ ಬಂದು ಪಕ್ಕದಲ್ಲಿ ನಿಂತಳು. ಸ್ವಾತಿ ಅವಳಿಗೆ ಹೇಳಿಬಿಟ್ಟಿದ್ದಳು, ನೀನೇ ಅಲ್ವಾ ಆ ಪೋಲಿನ ಹುಡುಗಿ ಅಂತ. ರೀನಾ ಮಾತಾಡಿದ್ದು ಇಂಗ್ಲಿಷಿನಲ್ಲಿ.

“ಪಪ್ಪಾ, ನಾನು ಏನು ಅಂತ ಇವರನ್ನೆಲ್ಲ ಕೇಳಿದ್ಯಾ? ನನ್ನನ್ನು ಕೇಳಲಿಲ್ಲ?”

“ಜೋಕ್ ಆಗಿತ್ತು ಮಗಾ.”

“ಯಾರಾದರೂ ನಕ್ಕರಾ?”

ನಾನು ಫೋನನ್ನು ಜೇಬಿಗೆ ಹಾಕಿಕೊಂಡೆ. ಅವಳು ಅಳಲಿಲ್ಲ. ಅತ್ತಿದ್ದರೆ ಸಮಾಧಾನ ಮಾಡುವ ಕೆಲಸವಾದರೂ ನನಗೆ ಸಿಗುತ್ತಿತ್ತು.

ಮುಸಫ್ಫಾಕ್ಕೆ ಮರಳಿದ ದಿನ ಹ್ಯೂ ನನ್ನ ಮೇಜಿನ ಬಳಿ ಬಂದು ಎರಡು ಕರಕ್ ಇಟ್ಟ. ಏನಾಯಿತೆಂದು ಹೇಳಿದೆ, ಪೋಲಿನ ಸಂಗತಿಯೂ ಸೇರಿ. ಅವನು ತನ್ನ ಲೋಟವನ್ನು ಪಕ್ಕಕ್ಕೆ ಸರಿಸಿದ.

“ನಾನು ಯಾರೆಂದು ಕ್ಯಾಲಮ್ ಕೇಳಿದಾಗ ನಗುತ್ತೇನೆ,” ಅಂದ. “ನನ್ನ ವೇಲ್ಸಿನ ಅಜ್ಜಿ ಸಾಯುವ ಮುಂಚೆ ಇಂಗ್ಲಿಷ್ ಮರೆತಿದ್ದಳು. ಅವಳ ಭಾಷೆಯನ್ನು ಅಮ್ಮ ನನಗೆ ಕಲಿಸಿರಲಿಲ್ಲ. ಏನೋ ಕೇಳುತ್ತಿದ್ದಳು. ನಾನು ಹೌದು, ಹೌದು ಅನ್ನುತ್ತಿದ್ದೆ.”

ಅವರಿಗೆ ಇದು ತಮಾಷೆ, ನಮಗೆ ಮಾತ್ರ ಗಾಯ ಎಂದು ಈ ಬರಹದ ಮೊದಲಲ್ಲಿ ನಾನು ಹೇಳಿದಂತಿದೆ. ಅದನ್ನು ಅಳಿಸದೆ ಬಿಟ್ಟಿದ್ದೇನೆ. ಆಗ ನನಗೆ ತಿಳಿದದ್ದು ಅಷ್ಟೇ.

ಕಳೆದ ಶನಿವಾರ ಮಧ್ಯಾಹ್ನ ರೀನಾ ತನ್ನ ಕೋಣೆಯಿಂದ ಬಂದು, ಕುಟುಂಬದ ಗುಂಪಿಗೆ ತನ್ನನ್ನು ಸೇರಿಸಬೇಕು ಅಂದಳು. ಯಾಕೆ ಎಂದೆ. “ಮುಂದಿನ ಸಲ ನನ್ನ ಬಗ್ಗೆ ಮಾತಾಡುವಾಗ ನಾನೂ ಅಲ್ಲಿರಬೇಕು,” ಅಂದಳು. ಸೇರಿಸುವ ಅಧಿಕಾರ ಅಣ್ಣನದು. ಅವನಿಗೆ ಬರೆದೆ. ಹತ್ತು ನಿಮಿಷ ಏನೂ ಇಲ್ಲ. ಆಮೇಲೆ, “ನಂಬರು ಕಳಿಸು,” ಎಂದು ಬಂತು. ಅವಳನ್ನು ಸೇರಿಸಿದ.

ರೀನಾ ಸೋಫಾದ ಮೇಲೆ ಕಾಲು ಮಡಚಿ ಕುಳಿತು ಫೋನು ನೋಡಿದಳು. ಹೊಸದಾಗಿ ಸೇರಿದವರಿಗೆ ಹಳೆಯ ಮಾತುಗಳು ಕಾಣುವುದಿಲ್ಲ. “ಇಲ್ಲಿ ಏನೂ ಇಲ್ಲ,” ಅಂದಳು. ನನ್ನ ಫೋನಿನಲ್ಲಿ ಎಲ್ಲವೂ ಇತ್ತು. ತೋರಿಸಲಿಲ್ಲ.

“ನಾನು ಮೊದಲು ಹಲೋ ಹೇಳಬೇಕಾ?”

“ಹೇಳು.”

“ಯಾವುದರಲ್ಲಿ?”

“ತುಳುವಿನಲ್ಲಿ,” ಎಂದೆ, ಈ ಸಲ ಯಾರಿಗೂ ಕಾಯದೆ. ಅಡುಗೆಮನೆಯ ಬಾಗಿಲಿನಲ್ಲಿದ್ದ ಲವೀನಾ ನನ್ನನ್ನೊಮ್ಮೆ ನೋಡಿ ತಲೆಯಾಡಿಸಿದಳು. ಒಪ್ಪಿದಳೋ ಸಹಿಸಿದಳೋ ತಿಳಿಯದು.

ರೀನಾಗೆ ತುಳು ಕೇಳಿದರೆ ಗೊತ್ತು, ಬರೆಯಲು ಬಾರದು. ಫೋನು ನನ್ನ ಕೈಗೆ ಕೊಟ್ಟಳು. ಯಾನ್ ರೀನಾ, ಮಾತೆರ್ಲಾ ಎಡ್ಡೆ ಉಲ್ಲರಾ, ಎಂದು ಕನ್ನಡ ಅಕ್ಷರಗಳಲ್ಲಿ ಬರೆದೆ. ನಾನು ರೀನಾ, ಎಲ್ಲರೂ ಚೆನ್ನಾಗಿದ್ದೀರಾ ಎಂದು. ಅವಳ ಹೆಸರಿನಲ್ಲಿ ನನ್ನ ಮಾತು. ಕಳುಹಿಸುವ ಗುಂಡಿಯನ್ನು ಮಾತ್ರ ಅವಳೇ ಒತ್ತಿದಳು.

ಮೊದಲು ಸ್ವಾತಿಯ ನಗುಮುಖ ಬಂತು, ಆಮೇಲೆ ಅಕ್ಕನ ಹೃದಯ. ಅಣ್ಣ, “ಎಡ್ಡೆ ಮಗಾ,” ಎಂದು ಬರೆದ. ರೀನಾ ತನ್ನ ಸಂದೇಶವನ್ನೇ ನೋಡುತ್ತಿದ್ದಳು. ಗುಂಪಿನಲ್ಲಿರುವ ಎಲ್ಲರಿಗೂ ತಲುಪಿದರೆ ಸಂದೇಶದ ಪಕ್ಕ ಎರಡು ಗೀರು ಬರುತ್ತವೆ. ಅವಳದಕ್ಕೆ ಒಂದೇ ಗೀರು.

“ಸರಿಯಾಗಿ ಹೋಗಿಲ್ಲ ಅನ್ನಿಸುತ್ತೆ.”

“ಹೋಗಿದೆ. ಉತ್ತರ ಬಂತಲ್ಲ.”

“ಮತ್ತೆ ಇದು ಯಾಕೆ ಹೀಗೇ ಇದೆ?”

ಅಮ್ಮನ ಫೋನನ್ನು ಅಕ್ಕ ಆರಿಸಿ ತನ್ನ ಕಪಾಟಿನಲ್ಲಿಟ್ಟಿದ್ದಾಳೆ. ಗುಂಪಿನಿಂದ ಅಮ್ಮನ ಹೆಸರನ್ನು ತೆಗೆಯಲು ಯಾರಿಗೂ ಮನಸ್ಸಾಗಿಲ್ಲ.

“ಒಬ್ಬರಿಗೆ ತಲುಪಿಲ್ಲ,” ಎಂದೆ.

“ಕಾಯಬೇಕಾ?”

“ಬೇಡ,” ಎಂದೆ. ಅವಳು ಕಾಯುತ್ತಲೇ ಇದ್ದಳು.